ಹುಲ್ಲಿನ ಕೆಳಗೊಂದು ದನಿ

ಟೀ ಲೋಟ ಹಿಡಿದು ಅಂಗಳಕ್ಕೆ ಬಂದ ಗಿಳಿ ಮೊದಲು ನೋಡಿದ್ದು ಒಂದು ಕೋಲನ್ನು. ಆಮೇಲೆ ಆ ಕೋಲಿನ ತುದಿಗೆ ಒರಗಿದ್ದ ಕಿವಿಯನ್ನು. ಕಿವಿಯಿಂದ ಮುಂದಕ್ಕೆ ಹೋಗಲು ಅವನ ಕಣ್ಣಿಗೆ ಸ್ವಲ್ಪ ಹೊತ್ತೇ ಹಿಡಿಯಿತು.

ದೊಡ್ಡಮ್ಮನ ಲಾನ್ ನಡುವೆ ಹುಡುಗಿಯೊಬ್ಬಳು ನಿಂತಿದ್ದಳು. ಉದ್ದನೆಯ ಕಬ್ಬಿಣದ ಕೋಲನ್ನು ನೆಲಕ್ಕೆ ಊರಿ, ಮೇಲ್ತುದಿಯ ಮರದ ಬಟ್ಟಲಿಗೆ ಕಿವಿಗೊಟ್ಟು, ಕಣ್ಣು ಮುಚ್ಚಿ. ಸೂರ್ಯ ಇನ್ನೂ ಬರುವುದೋ ಬೇಡವೋ ಎಂದು ಯೋಚಿಸುತ್ತಿದ್ದ. ನೆಲ ಏನೋ ಮನೆ ಗುಟ್ಟು ಹೇಳುತ್ತಿದೆ, ಈಕೆ ‘ಹೂಂ, ಆಮೇಲೆ?’ ಅನ್ನುತ್ತಿದ್ದಾಳೆ ಎನ್ನುವ ಹಾಗಿತ್ತು ಅವಳ ಮುಖ.

“ಏನ್ ಮೇಡಂ, ಭೂಮಿಗೆ ಜ್ವರಾನಾ?” ಅಂದ ಗಿಳಿ, ಥೇಟು ಸರ್ಕಾರಿ ಡಾಕ್ಟರ ಗಂಟಲಿನಲ್ಲಿ.

ಅವಳು ಕಣ್ಣು ತೆರೆಯಲಿಲ್ಲ. ತುಟಿಯ ಮೇಲೆ ಬೆರಳಿಟ್ಟಳು. “ಶ್!”

ಗಿಳಿ ಸುಮ್ಮನಾದ.

ಇದು ಆ ಮನೆಯ ಚರಿತ್ರೆಯಲ್ಲಿ ಬರೆದಿಡಬೇಕಾದ ಸಂಗತಿ. ಗಿಳಿ ಎನ್ನುವುದು ದೊಡ್ಡಮ್ಮ ಇಟ್ಟ ಅಡ್ಡಹೆಸರು. ಅಸಲು ಹೆಸರನ್ನು ಬ್ಯಾಂಕಿನವರು ಬಿಟ್ಟು ಯಾರೂ ಬಳಸುತ್ತಿರಲಿಲ್ಲ. ಡಬ್ಬಿಂಗ್ ಸ್ಟುಡಿಯೋದಲ್ಲಿ ಕಾರ್ಟೂನುಗಳಿಗೆ ದನಿ ಕೊಡುವುದು ಅವನ ಕೆಲಸ. ಕತ್ತೆ, ಕಪ್ಪೆ, ಕಿರುಗುಟ್ಟುವ ಬಾಗಿಲು, ಮುನಿಸಿಕೊಂಡ ಸ್ಕೂಟರು, ಎಲ್ಲಕ್ಕೂ ಅವನೇ ಗಂಟಲು. ಮನೆಯಲ್ಲೂ ಅಷ್ಟೇ. ಹಾಲು ಉಕ್ಕುವ ಸದ್ದು ಮಾಡಿ ದೊಡ್ಡಮ್ಮನನ್ನು ಅಡುಗೆಮನೆಗೆ ಓಡಿಸುತ್ತಿದ್ದ. ನಿವೃತ್ತ ಡ್ರಿಲ್ ಟೀಚರಾದ ದೊಡ್ಡಮ್ಮ ಈಗಲೂ ಕೊರಳಲ್ಲಿ ಸೀಟಿ ಹಾಕಿಕೊಂಡೇ ಓಡಾಡುವವರು. ಶಾಲೆಯನ್ನೇ ಸಾಲಾಗಿ ನಿಲ್ಲಿಸಿದ ಆ ಸೀಟಿಗೂ ಇವನ ಬಾಯಿ ಮುಚ್ಚಿಸಲು ಆಗಿರಲಿಲ್ಲ. ಅದನ್ನು ಒಂದೇ ಒಂದು ‘ಶ್’ ಮಾಡಿತ್ತು. ಅದಕ್ಕಿಂತ ಆಶ್ಚರ್ಯವೆಂದರೆ, ಸುಮ್ಮನಿರುವುದು ಅವನಿಗೆ ಹಿತವಾಗಿತ್ತು.

ಕೊನೆಗೆ ಅವಳು ಕಣ್ಣು ಬಿಟ್ಟಳು. “ಸಾರಿ. ಗೇಟು ತಟ್ಟಿದೆ, ಒಳಗಿಂದ ಒಬ್ರು ‘ಬಾರಮ್ಮಾ, ಶೂ ಬಿಚ್ಚಿ ಹುಲ್ಲು ತುಳಿ’ ಅಂದ್ರು.”

“ಅದು ನಮ್ಮ ದೊಡ್ಡಮ್ಮ.” ಅವನು ನೋಡಿದ. ನಿಜ, ಬರಿಗಾಲು. ಹುಲ್ಲಿನ ಇಬ್ಬನಿಗೆ ಅವಳ ಕಾಲ್ಬೆರಳುಗಳು ಮುದುಡಿಕೊಂಡಿದ್ದವು.

ಅವಳು ನೀರು ಸರಬರಾಜು ಕಚೇರಿಯವಳು. ನೆಲದಡಿಯ ಪೈಪು ಎಲ್ಲಿ ಸೋರುತ್ತಿದೆ ಎಂದು ಕೇಳಿ ಪತ್ತೆ ಮಾಡುವುದು ಅವಳ ಕೆಲಸ. ಗಾಡಿಗಳು ಶುರುವಾಗುವ ಮುಂಚೆ, ಊರು ಬಾಯಿ ತೆರೆಯುವ ಮುಂಚೆ ಬರಬೇಕು. ರಸ್ತೆಯ ಕೊನೆಯಲ್ಲಿ ದಿಬ್ಬದ ಮೇಲಿರುವ ಹಲ್ಲಿನ ಡಾಕ್ಟರ ಮನೆಗೆ ನೀರೇ ಏರುತ್ತಿಲ್ಲವಂತೆ. ‘ಬಾಯಿ ಮುಕ್ಕಳಿಸಿ’ ಅಂತ ಪೇಷಂಟಿಗೆ ಹೇಳೋಕೂ ನಾಚಿಕೆ ಆಗ್ತಿದೆ ಎಂದು ಅವರು ದೂರು ಕೊಟ್ಟಿದ್ದರು. ದಿಬ್ಬಕ್ಕೆ ಹೋಗುವ ಹಳೇ ಮೇನ್ ಪೈಪು, ಈ ಮನೆ ಕಟ್ಟುವುದಕ್ಕೂ ಮುಂಚಿನದು, ದೊಡ್ಡಮ್ಮನ ಲಾನ್ ಕೆಳಗೇ ಹಾದುಹೋಗಿತ್ತು.

“ಬರೀ ಕಿವಿಯಲ್ಲೇ ಗೊತ್ತಾಗುತ್ತಾ?”

“ಕೇಳ್ತೀರಾ?” ಅವಳು ಕೋಲನ್ನು ಅವನ ಕೈಗಿತ್ತಳು. ಬಟ್ಟಲು ಅವಳ ಕಿವಿಯಿಂದ ಇನ್ನೂ ಬೆಚ್ಚಗಿತ್ತು.

ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ತನ್ನದೇ ನೆತ್ತರು ದಡದಡ ಓಡುವುದು ಕೇಳಿಸಿತು. ಯಾಕೆ ಇಷ್ಟು ಜೋರು ಎಂದು ಅವನಿಗೇ ಗಾಬರಿ. ಅದರ ಕೆಳಗೆ, ತುಂಬಾ ಕೆಳಗೆ, ಒಂದು ಉಸಿರು. ದೊಡ್ಡ ಪ್ರಾಣಿಯೊಂದು ನಿದ್ದೆಯಲ್ಲಿ ಮಗ್ಗುಲಾಗುವಂಥ ಉಸಿರು. ಅದು ಮೂಡಿತು, ಹೋಯಿತು, ಮತ್ತೆ ಮೂಡಿತು.

“ಅದು ದಿಬ್ಬ ಹತ್ತುತ್ತಿರೋ ನೀರು,” ಅವಳು ಪಿಸುಗುಟ್ಟಿದಳು. “ಈಗ ಟಕ್ ಅಂತಲ್ಲಾ? ಯಾರೋ ಎದ್ರು. ನಲ್ಲಿ ತಿರುಗಿಸಿದ್ರು. ಇನ್ನೊಂದು… ಇದು ಪಕ್ಕದ ಮನೆ. ಬೆಳಗಾಗ್ತಾ ಇದೆ, ಕೆಳಗೆ.”

ಗಿಳಿಗೆ ಮೈ ಜುಮ್ಮೆಂದಿತು. ಇಷ್ಟು ವರ್ಷ ಈ ಹುಲ್ಲಿನ ಮೇಲೆ ಉರುಳಾಡಿ, ಕುಣಿದು, ಕೂಗಿದ್ದ. ಅಡಿಯಲ್ಲಿ ಇಡೀ ಬೀದಿ ದಿನಾ ಹೀಗೆ ಮೆಲ್ಲಗೆ ಏಳುತ್ತಿತ್ತು, ಅವನಿಗೆ ಸುದ್ದಿಯೇ ಇರಲಿಲ್ಲ. ಲೋಕದ ಸದ್ದೆಲ್ಲ ನನ್ನ ಜೇಬಿನಲ್ಲಿದೆ ಎಂದುಕೊಂಡವನಿಗೆ ಲೋಕದ ಅರ್ಧ ಭಾಗ ಈಗಷ್ಟೇ ಸಿಕ್ಕಿತ್ತು.

ಗೇಟಿನಾಚೆ ರಸ್ತೆಯ ವಾಲ್ವಿನ ಮೇಲೆ ಕೋಲಿಟ್ಟು ಅವಳು ಸೋರಿಕೆಯ ಸದ್ದನ್ನೂ ಕೇಳಿಸಿದಳು. ಸ್ಸ್ಸ್ಸ್… ಹಲ್ಲಿನ ಸಂದಿಯಿಂದ ಯಾರೋ ಬೇಸರ ತೋಡಿಕೊಂಡಂತೆ.

“ಇದು ಸಣ್ಣದು, ಇದನ್ನ ಸರಿಮಾಡ್ತಾರೆ. ದೊಡ್ಡದು ಇನ್ನೆಲ್ಲೋ ಇದೆ. ನಿಮ್ಮ ಅಂಜೂರದ ಮರದ ಹತ್ರ ಏನೋ ಮಸುಕಾಗಿ ಕೇಳಿಸಿದ ಹಾಗಾಯ್ತು. ಬೇರಿನದೂ ಇರ್ಬಹುದು. ನಾಳೆ ಒಂದ್ಸಲ ನೋಡಿ, ಏನೂ ಇಲ್ಲ ಅಂದ್ರೆ ಕೆಳಗಿನ ರಸ್ತೆಗೆ ಹೋಗ್ತೀನಿ.” ಕೋಲನ್ನು ಹೆಗಲಿಗಿಟ್ಟಳು. “ನಿಮ್ಮ ಕೆಲಸ?”

“ಸೌಂಡ್ ಲೈನು.”

“ಹೌದಾ! ನಂದೂ ಅದೇ,” ಎಂದು ನಕ್ಕಳು.

ಆ ನಗುವನ್ನು ಮಾತ್ರ ಅವನಿಗೆ ಅನುಕರಿಸಲು ಬರಲಿಲ್ಲ. ಬಚ್ಚಲುಮನೆಯ ಕನ್ನಡಿ ಮುಂದೆ ಎಷ್ಟೋ ಹೊತ್ತು ಪ್ರಯತ್ನಿಸಿ ಸೋತ. ಆದರೆ ಸೋರಿಕೆ? ಅದು ಮೊದಲನೇ ಸಲಕ್ಕೇ ಬಂತು.

*

ತಪ್ಪು ಅಲ್ಲಿಂದ ಶುರುವಾಯಿತು. ಪ್ರಪಂಚದಲ್ಲಿ ಅವನೊಬ್ಬನೇ ಮಾಡಬಹುದಾಗಿದ್ದ ತಪ್ಪು.

ಹಿತ್ತಿಲಿನಿಂದ ಲಾನ್ ನಡುವಿನ ಸ್ಪ್ರಿಂಕ್ಲರಿಗೆ ಒಂದು ಪೈಪು ಹೋಗಿತ್ತು. ಹಿತ್ತಿಲ ನಲ್ಲಿ ಕಿತ್ತುಹೋದ ಮೇಲೆ ದೊಡ್ಡಮ್ಮ ಅದನ್ನು ಬಿಟ್ಟು ಕೈಯಲ್ಲೇ ಹೋಸ್ ಹಿಡಿಯುತ್ತಿದ್ದರು. ಪೈಪು ಒಳಗೆ ಒಣಗಿ ಖಾಲಿ ಬಿದ್ದಿತ್ತು. ಅದರ ಈ ತುದಿಯಲ್ಲಿ ಬಾಯಿಟ್ಟರೆ ಸದ್ದು ಆ ತುದಿಯಲ್ಲಿ, ಹುಲ್ಲಿನ ಅಡಿಯಲ್ಲಿ ಏಳುತ್ತಿತ್ತು.

ಮಾರನೇ ಬೆಳಿಗ್ಗೆ ಅವಳು ಕೋಲು ಊರಿದಳು. ಗಿಳಿ ಹಿತ್ತಿಲಲ್ಲಿ ಮಂಡಿಯೂರಿ, ಪೈಪಿಗೆ ತುಟಿ ಹಚ್ಚಿ, ನಾಲಿಗೆಯನ್ನು ಹಲ್ಲಿಗೊತ್ತಿ ಊದಿದ. ಸ್ಸ್ಸ್ಸ್… ಆಮೇಲೆ ಮನೆ ಸುತ್ತುಹಾಕಿ, ಆಕಳಿಸುತ್ತ, ಈಗಷ್ಟೇ ಎದ್ದವನಂತೆ ಮುಂದೆ ಬಂದ. “ಓ, ಬಂದ್ರಾ?”

“ಕೇಳಿಸ್ತು!” ಅವಳ ಕಣ್ಣುಗಳು ಮಿನುಗುತ್ತಿದ್ದವು. “ನಿನ್ನೆ ಇರ್ಲಿಲ್ಲ. ಇವತ್ತು ಇಲ್ಲೇ, ನಟ್ಟನಡುವೆ! ಒಂದೆರಡು ದಿನ ಕೇಳಿ ಖಾತ್ರಿ ಮಾಡ್ಕೋಬೇಕು.”

ಒಂದೆರಡು ದಿನ! ಗಿಳಿಯ ಎದೆಯಲ್ಲಿ ಹಾಲು ಉಕ್ಕಿತು. ಈ ಸಲ ಅನುಕರಣೆಯಲ್ಲ.

ಹೀಗೆ ಅವಳು ಬರತೊಡಗಿದಳು. ಬೀದಿಯವರು ಅವಳಿಗೆ ಕಿವಿ ಮೇಡಂ ಎಂದು ಹೆಸರಿಟ್ಟರು. ಅವಳು ಆಲಿಸುವಾಗ ಎಡಗಣ್ಣಿನ ಹುಬ್ಬು ತುಸು ಮೇಲೇರುತ್ತಿತ್ತು. ಬಟ್ಟಲಿನಿಂದ ಕಿವಿ ತೆಗೆದಾಗ ಕಿವಿಯ ಸುತ್ತ ನಸುಗೆಂಪು ಉಂಗುರ ಉಳಿಯುತ್ತಿತ್ತು. ಗಿಳಿ ಅದು ಮೆಲ್ಲಗೆ ಮಾಯವಾಗುವವರೆಗೂ ನೋಡುತ್ತ ನಿಲ್ಲುತ್ತಿದ್ದ.

“ಏನ್ ನೋಡ್ತಿದೀರಾ?”

“ಕಿವೀಲಿ ಸೂರ್ಯ ಮುಳುಗ್ತಿದಾನೆ.”

“ಬೆಳಗಾಗೆದ್ದು ಮುಳುಗೋ ಮಾತೇ?” ಎಂದು ಅವಳು ತಲೆಗೂದಲನ್ನು ಕಿವಿ ಮೇಲೆ ಎಳೆದುಕೊಂಡಳು. ಉಂಗುರ ಮುಚ್ಚಿತು. ಕೆನ್ನೆ ಮಾತ್ರ ಮುಚ್ಚಲಿಲ್ಲ.

ಕೆಲಸ ಮುಗಿದ ಮೇಲೂ ಅವಳು ಕೊಂಚ ಹೊತ್ತು ಉಳಿಯುತ್ತಿದ್ದಳು. ಕಾರಣ ದೊಡ್ಡಮ್ಮ. ಬಿಸಿಲೇರಿದ ಮೇಲೆ ಹೋಸ್ ಹಿಡಿದು ಫೈರ್ ಇಂಜಿನ್ನಿನವರಂತೆ ನೀರು ಎರಚುವುದು ಅವರ ಅಭ್ಯಾಸ.

“ದೊಡ್ಡಮ್ಮಾ, ಈ ಬಿಸಿಲಲ್ಲಿ ಹಾಕಿದ್ರೆ ಹುಲ್ಲಿಗಿಂತ ಮೊದಲು ಸೂರ್ಯ ಕುಡೀತಾನೆ.”

“ಕುಡೀಲಿ ಬಿಡೇ. ಅವನೂ ಬೆಳಗಿಂದ ದುಡೀತಿದಾನೆ.”

“ಹುಲ್ಲಿಗೆ ಬಾಯಾರಿಕೆ ಇದೆಯಾ ಅಂತ ಒಂದ್ಸಲ ಕೇಳೋಣ. ಅದರ ಮೇಲೆ ನಡೀರಿ.”

ದೊಡ್ಡಮ್ಮ ಲೆಫ್ಟ್ ರೈಟ್ ಎಂದು ನಡೆದು ಬಂದರು. ಮೂವರೂ ಬಗ್ಗಿ ನೋಡಿದರು. ಮಲಗಿದ್ದ ಎಸಳುಗಳು ಒಂದೊಂದಾಗಿ, ಯಾರೋ ಒಳಗಿಂದ ಎಬ್ಬಿಸಿದಂತೆ, ನಡುಗುತ್ತ ಮೇಲೆದ್ದವು. ಹೆಜ್ಜೆಗಳು ಕಣ್ಣೆದುರೇ ಅಳಿಸಿಹೋದವು.

“ಸೀಟಿ ಊದದೇನೇ ಎದ್ದು ನಿಂತವಲ್ಲೋ!” ದೊಡ್ಡಮ್ಮ ಕೈಯಲ್ಲಿದ್ದ ಹೋಸನ್ನು ಮರೆತರು. ಅದು ಅವರದೇ ಪಾದದ ಮೇಲೆ ಹರಿಯಿತು.

“ಹೀಗೆ ಎದ್ರೆ ನೀರು ಬೇಡ. ಹೆಜ್ಜೆ ಅಲ್ಲೇ ಉಳಿದ್ರೆ ಬೇಕು. ಅದೂ ಬೆಳಗ್ಗೇನೇ, ನಿಧಾನಕ್ಕೆ, ಆಳಕ್ಕೆ ಇಳಿಯೋ ಹಾಗೆ. ದಿನಾ ಮೇಲೆ ಮೇಲೆ ಚಿಮುಕಿಸಿದ್ರೆ ಬೇರು ಸೋಮಾರಿ ಆಗುತ್ತೆ. ಮೇಲೇ ಸಿಗುತ್ತಲ್ಲ, ಕೆಳಗ್ಯಾಕೆ ಹೋಗ್ಲಿ ಅಂತ.”

“ನಮ್ಮ ಗಿಳಿ ಥರ,” ಅಂದರು ದೊಡ್ಡಮ್ಮ.

ಮೂವರೂ ನಕ್ಕರು. ಆಮೇಲೆ ದೊಡ್ಡಮ್ಮ ಯಾರಿಗೂ ಹೇಳದೆ ಹುಲ್ಲನ್ನು ಗಿಡ್ಡ ಕತ್ತರಿಸುವುದು ಬಿಟ್ಟರು. ತರಕಾರಿ ತೊಳೆದ ನೀರನ್ನು ಕುಂಡಗಳಿಗೆ ಸುರಿದರು. ಹೂಗಿಡಗಳ ಬುಡಕ್ಕೆ ಒಣಗಿದೆಲೆ ಹೊದಿಸಿದರು. ಗಿಳಿ ಒಂದು ದಿನ ಆ ಎಲೆಯ ಕೆಳಗೆ ಬೆರಳಿಟ್ಟು ನೋಡಿದ. ಮೇಲೆ ಬಾಣಲೆಯಂತೆ ಕಾದ ಬಿಸಿಲು. ಎಲೆಯಡಿ ಮಣ್ಣು ತಣ್ಣಗೆ, ತೇವವಾಗಿ, ಮಗುವಿನ ಅಂಗೈಯಂತೆ. ಇಷ್ಟೇ ಇಷ್ಟು ಮರೆ ಕೊಟ್ಟರೆ ನೆಲ ನೀರನ್ನು ಇಷ್ಟು ಜೋಪಾನವಾಗಿ ಇಟ್ಟುಕೊಳ್ಳುತ್ತದೆಯೇ? ಬೆರಳು ತೆಗೆಯಲು ಮನಸ್ಸಾಗಲಿಲ್ಲ.

ಹೇಳಿಬಿಡಬೇಕು ಎಂದು ಅಂದೇ ಅನ್ನಿಸಿತು. ಹೇಳಿದರೆ ಅವಳು ಬರುವುದಿಲ್ಲ. ಮರುದಿನ ಮತ್ತೆ ಹಿತ್ತಿಲಿಗೆ ಹೋದ.

*

ಒಂದು ಬೆಳಿಗ್ಗೆ ಅವಳು ಹುಲ್ಲಿನ ನಡುವೆ ಬಿಳಿ ಸುಣ್ಣದಿಂದ ದೊಡ್ಡ ಸುತ್ತು ಬರೆದಳು.

“ನಾಳೆ ಅಗೀತಾರೆ,” ಅಂದಳು. ಅವಳ ದನಿಯಲ್ಲಿ ಹಬ್ಬ ಇತ್ತು, ಹೆದರಿಕೆಯೂ ಇತ್ತು. “ನಮ್ಮ ಸಾಹೇಬರು ಸೋರಿಕೆ ಹಿಡಿಯೋಕೆ ಹೊಸ ಮಿಷನ್ ತರಿಸ್ತಿದಾರೆ. ಇನ್ನು ಕೋಲು ಯಾತಕ್ಕೆ, ಕಿವಿ ಯಾತಕ್ಕೆ ಅಂತಾರೆ. ನಾನು ಜಾಗ ತೋರಿಸ್ತೀನಿ ಸಾರ್, ತಪ್ಪಿದ್ರೆ ಕೋಲನ್ನ ಸ್ಟೋರ್ ರೂಮಿಗೆ ಹಾಕಿ, ನಂಗೆ ಆಫೀಸಲ್ಲಿ ಕುರ್ಚಿ ಕೊಡಿ ಅಂದುಬಿಟ್ಟೆ.”

ಗಿಳಿ ಸುಣ್ಣದ ಸುತ್ತನ್ನೇ ನೋಡಿದ. “ಕುರ್ಚಿ ಒಳ್ಳೇದಲ್ವಾ? ಫ್ಯಾನ್ ಇರುತ್ತೆ.”

“ನಂಗೆ ಇದೊಂದೇ ಬರೋದು.” ಅವಳು ಕಿವಿ ಮುಟ್ಟಿಕೊಂಡಳು. “ಚಿಕ್ಕೋಳಿದ್ದಾಗ ಮನೇಲಿ ಎಲ್ರೂ ಮಾತಾಡೋರೇ. ಕೇಳಿಸ್ಕೊಳ್ಳೋಳು ನಾನೊಬ್ಳೇ. ಪೆದ್ದು ಅಂತಿದ್ರು. ನೆಲದ ಮೇಲೆ ಮೊದಲ್ನೇ ಸಲ ಕೋಲು ಇಟ್ಟ ದಿನ, ಓ, ಇದಕ್ಕೇ ನಾನು ಸುಮ್ಮನಿದ್ದದ್ದು ಅನ್ನಿಸ್ತು.”

ಹೇಳು, ಈಗ ಹೇಳು ಎಂದು ಗಿಳಿಯ ಒಳಗೆ ಯಾರೋ ಕುಟ್ಟಿದರು. ಅವನು ಬಾಯಿ ತೆರೆದ. ಹೊರಬಂದದ್ದು ಕಾರ್ಟೂನ್ ಕಪ್ಪೆ. “ಆಲ್ ದಿ ಬೆಸ್ಟ್, ಮೇಡಂ, ವಟರ್!”

ಅವಳು ಕಣ್ಣರಳಿಸಿದಳು. “ಅಯ್ಯೋ, ಥೇಟ್ ಕಪ್ಪೆ! ಎಲ್ಲಿ ಕಲಿತ್ರಿ?” ಎಂದು ನಗುತ್ತ ಗೇಟು ದಾಟಿದಳು.

ಗಿಳಿ ಸುಣ್ಣದ ಸುತ್ತಿನೊಳಗೆ ಕೂತುಬಿಟ್ಟ. ಅವನ ಸುಳ್ಳು ಅಷ್ಟು ಗುಂಡಗೆ, ಅಷ್ಟು ಬೆಳ್ಳಗೆ ನೆಲದ ಮೇಲೆ ಬಿದ್ದಿತ್ತು.

*

ಮಾರನೇ ದಿನ ಅಂಗಳ ತುಂಬಾ ಜನ. ಗುದ್ದಲಿ ಹಿಡಿದ ಕೆಲಸಗಾರರು, ಬಾಟಲಿ ನೀರಿನಲ್ಲೇ ಮುಖ ತೊಳೆದು ಬಂದಿದ್ದ ಹಲ್ಲಿನ ಡಾಕ್ಟರು, ಕೈಕಟ್ಟಿ ನಿಂತ ಸಾಹೇಬರು. ದೊಡ್ಡಮ್ಮ ತಮ್ಮ ಹುಲ್ಲಿಗೆ ಕೊನೆಯ ಸೆಲ್ಯೂಟ್ ಹೊಡೆದವರಂತೆ ನೆಟ್ಟಗೆ ನಿಂತಿದ್ದರು.

“ನಡೀಲಿ,” ಅಂದರು ಸಾಹೇಬರು. ಗುದ್ದಲಿ ಮೇಲೆದ್ದಿತು.

“ನಿಲ್ಸಿ!”

ಗಿಳಿ ಸುತ್ತಿನ ನಡುವೆ ಹೋಗಿ ನಿಂತ. “ಅಲ್ಲಿ ಏನೂ ಇಲ್ಲ. ಆ ಸದ್ದು… ನಾನು ಮಾಡಿದ್ದು.”

“ಏನ್ರೀ ತಮಾಷೆ?”

ಗಿಳಿ ಕಣ್ಣು ಮುಚ್ಚಿ, ನಾಲಿಗೆಯನ್ನು ಹಲ್ಲಿಗೊತ್ತಿದ. ಸ್ಸ್ಸ್ಸ್… ಕೆಲಸಗಾರನೊಬ್ಬ ತಟ್ಟನೆ ತನ್ನ ಕಾಲಡಿ ನೋಡಿಕೊಂಡ. ಡಾಕ್ಟರು ಎರಡು ಹೆಜ್ಜೆ ಹಿಂದಕ್ಕೆ ಹಾರಿದರು. ಅಷ್ಟು ನಿಜವಾಗಿತ್ತು ಅದು. ಜೀವಮಾನದಲ್ಲಿ ಮೊದಲ ಸಲ ತನ್ನ ಕಲೆ ಇಷ್ಟು ಚೆನ್ನಾಗಿರದಿದ್ದರೆ ಎಂದು ಗಿಳಿಗೆ ಅನ್ನಿಸಿತು.

“ಹಿತ್ತಿಲ ಪೈಪಿಗೆ ಬಾಯಿಟ್ಟು ದಿನಾ ಊದ್ತಿದ್ದೆ. ಇವರು ಮತ್ತೆ ಬರ್ಲಿ ಅಂತ.”

ಅವಳು ಅವನನ್ನು ನೋಡುತ್ತಿದ್ದಳು. ಬೈಯಲಿಲ್ಲ, ಬೈದಿದ್ದರೆ ಬದುಕುತ್ತಿದ್ದ.

“ಮೊದಲ್ನೇ ದಿನ?” ಎಂದಳು.

“ಆ ದಿನ ಅಲ್ಲ. ಆಮೇಲಿನ ಎಲ್ಲಾ ದಿನ.”

ಸಾಹೇಬರಿಗೆ ನಗು ತಡೆಯಲಾಗಲಿಲ್ಲ. “ಏನಮ್ಮಾ, ಗಂಟಲಿಗೂ ಪೈಪಿಗೂ ವ್ಯತ್ಯಾಸ ಗೊತ್ತಾಗ್ಲಿಲ್ವಾ? ಇದನ್ನೇ ನಾನು ಹೇಳಿದ್ದು. ಮಿಷನ್ನು ಪ್ರೀತಿ ಪ್ರೇಮ ಅಂತ ಮೋಸ ಹೋಗಲ್ಲ.”

“ಸಾರ್, ತಪ್ಪು ನಂದು, ಅವರದಲ್ಲ,” ಗಿಳಿ ಅಂದ.

“ನೀವು ಸುಮ್ಮನಿರಿ,” ಅಂದಳು ಅವಳು. ಆಮೇಲೆ ದನಿ ತಗ್ಗಿಸಿ, ಅವನಿಗೊಬ್ಬನಿಗೇ ಕೇಳುವಂತೆ, “ಒಂದು ಪೈಪು ಸುಳ್ಳು ಹೇಳಿದ್ರೆ ಇನ್ನೊಂದನ್ನ ಕೇಳ್ತೀನಿ. ನೀವು ನನ್ನ ಕಿವೀನೇ ನಂಗೆ ಸುಳ್ಳು ಮಾಡಿದ್ರಿ. ಇನ್ನು ಯಾವ ನೆಲಕ್ಕೆ ಕಿವಿ ಕೊಟ್ರೂ, ಇದು ನಿಜಾನಾ ಅಂತ ಅನ್ನಿಸುತ್ತೆ ನಂಗೆ.”

ಕೋಲನ್ನು ಸಾಹೇಬರಿಗೆ ಕೊಡಲೆಂದು ಎತ್ತಿದಳು. ಎತ್ತಿದ ಕೈ ನಡುವೆಯೇ ನಿಂತಿತು. ಅವಳ ನೋಟ ಅಂಜೂರದ ಮರದತ್ತ ಹೋಯಿತು.

“ಮೊದಲ್ನೇ ದಿನ ನೀವು ಊದಿಲ್ಲ ಅಲ್ವಾ?”

ಗಿಳಿ ತಲೆಯಾಡಿಸಿದ.

“ಹಾಗಾದ್ರೆ ಆ ಮಸುಕು ಸದ್ದು ಯಾರದು?” ಅವಳು ಎಲ್ಲರ ಕಡೆ ತಿರುಗಿದಳು. “ಒಂದು ನಿಮಿಷ ಯಾರೂ ಅಲ್ಲಾಡ್ಬೇಡಿ. ಉಸಿರೂ ಮೆಲ್ಲಗೆ. ನೀವು, ಎರಡೂ ಕೈ ಬಾಯಿ ಮೇಲೆ.”

ಗಿಳಿ ಬಾಯಿ ಮುಚ್ಚಿಕೊಂಡ. ಸಾಹೇಬರು ವಾಚು ನೋಡಲು ಹೋಗಿ, ದೊಡ್ಡಮ್ಮನ ಕೈ ಸೀಟಿಗೆ ಹೋದದ್ದು ಕಂಡು ಸುಮ್ಮನಾದರು.

ಅವಳು ಚಪ್ಪಲಿ ಬಿಟ್ಟು ಮರದ ಬಳಿ ಹೋದಳು. ಕೋಲು ಊರಿದಳು. ಕಿವಿಗೊಟ್ಟಳು. ಸರಿಸಿದಳು. ಮತ್ತೆ ಕಿವಿಗೊಟ್ಟಳು. ಎಂಥ ಮೌನ ಅದು! ಗುದ್ದಲಿ ಹಿಡಿದವರು, ನೀರಿಲ್ಲದೆ ಸಿಡುಕಿದವರು, ಮಿಷನ್ ನಂಬಿದವರು, ಎಲ್ಲರೂ ಒಬ್ಬಳು ಹೆಂಗಸು ಕಣ್ಣು ಮುಚ್ಚಿರುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಗಿಳಿಗೆ ತನ್ನ ಉಸಿರೇ ಗಲಾಟೆ ಅನ್ನಿಸಿತು. ಅವಳ ಹುಬ್ಬು ಏಳಲಿ ಎಂದು ಬೇಡಿಕೊಂಡ. ತನಗಾಗಿ ಅಲ್ಲ. ತನ್ನ ಪಾಲಿನದು ಮುಗಿದಿತ್ತು. ಅವಳ ಕಿವಿ ಅವಳಿಗೆ ವಾಪಸ್ ಸಿಗಲಿ, ಅಷ್ಟೇ.

ಎಡ ಹುಬ್ಬು ಮೆಲ್ಲಗೆ ಮೇಲೇರಿತು.

“ಇಲ್ಲಿ,” ಅಂದಳು. “ಇದು ಯಾರ ಬಾಯಿಯೂ ಅಲ್ಲ.”

ಅಗೆದರು. ಮಣ್ಣು ಒಣಗಿತ್ತು, ಆಮೇಲೆ ತಂಪಾಯಿತು, ಆಮೇಲೆ ಕರ್ರಗಾಯಿತು. ಗುದ್ದಲಿಯವನು ಒಮ್ಮೆಲೇ ನಿಂತು, “ಅಬ್ಬಾ, ಇಲ್ಲಿ ನೋಡಿ!” ಅಂದ.

ಹಳೇ ಕಬ್ಬಿಣದ ಪೈಪಿನ ಸುತ್ತ ಬೇರುಗಳು ಗೂಡು ಹೆಣೆದಿದ್ದವು. ಕೂದಲೆಳೆಯಷ್ಟು ಸಣ್ಣವು, ಬೆರಳಷ್ಟು ದಪ್ಪದವು, ಬಿಳಿಬಿಳಿಯಾಗಿ, ಲೆಕ್ಕವಿಲ್ಲದಷ್ಟು. ಅಂಜೂರದ್ದು, ಬೇಲಿಯ ಬಳ್ಳಿಯದು, ಎಲ್ಲವೂ ಕತ್ತಲಲ್ಲಿ ಕಣ್ಣಿಲ್ಲದೆ ತಡಕುತ್ತ ಬಂದು ಆ ಒಂದು ಬಿರುಕನ್ನು ಅಂಗೈಯಲ್ಲಿ ಹಿಡಿದಂತೆ ಹಿಡಿದುಕೊಂಡಿದ್ದವು. ಬೇರಿನ ಆ ದಟ್ಟ ಹೊದಿಕೆಯೇ ಸದ್ದನ್ನು ನುಂಗಿತ್ತು. ಗೂಡಿನ ನಡುವೆ ನೀರು ಪುಟಿಯುತ್ತಿತ್ತು, ತಿಳಿಯಾಗಿ, ಬೆಳಗಿನ ಬೆಳಕು ಹಿಡಿದು, ಈಗಷ್ಟೇ ಹುಟ್ಟಿದಂತೆ.

ಗುದ್ದಲಿಯವನು ತಲೆಯ ಟೋಪಿ ತೆಗೆದ. ಏಕೆಂದು ಅವನಿಗೂ ಗೊತ್ತಿರಲಿಕ್ಕಿಲ್ಲ.

“ಈ ಮೂಲೆ ಯಾವಾಗ್ಲೂ ಹಸಿರು,” ದೊಡ್ಡಮ್ಮ ಮೆಲ್ಲಗೆ ಅಂದರು. “ನನ್ನ ಕೈಗುಣ ಅಂತ ಬೀಗ್ತಿದ್ದೆ. ಡಾಕ್ಟ್ರೇ, ನಿಮ್ಮ ನೀರು ಕುಡಿದು ಬೆಳೆದದ್ದು ಇದು.”

ಡಾಕ್ಟರು ಗುಂಡಿಯನ್ನೇ ನೋಡುತ್ತಿದ್ದರು. ಮಧ್ಯಾಹ್ನ ಪೈಪು ಸರಿಹೋಗಿ ದಿಬ್ಬದ ಮೇಲಿಂದ “ಬಂತೂ!” ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದವರು ಅವರೇ.

ಸಾಹೇಬರು ಮರಕ್ಕೆ ಒರಗಿಸಿದ್ದ ಕೋಲನ್ನು ಎತ್ತಿ ಅವಳ ಕೈಗೇ ಕೊಟ್ಟು, “ಮಿಷನ್ನಿಗೆ ನೀವೇ ಟ್ರೈನಿಂಗ್ ಕೊಡ್ಬೇಕಾಗುತ್ತೇನೋ,” ಅಂದರು.

ಅವಳು ಕೋಲು ಹೆಗಲಿಗಿಟ್ಟು ಗೇಟು ದಾಟಿದಳು. ಗಿಳಿಯ ಕೈ ಇನ್ನೂ ಬಾಯಿ ಮೇಲೇ ಇತ್ತು. ಅವಳು ತಿರುಗಿ ನೋಡಲಿಲ್ಲ.

*

“ನಲ್ಲಿ ನೋಡೋಕೆ ಬಂದೋಳನ್ನ ನಲ್ಲೆ ಮಾಡ್ಕೊಳ್ಳೋಕೆ ಹೋದ್ಯಲ್ಲೋ,” ದೊಡ್ಡಮ್ಮ ಬೈದರು. “ನೇರ ಕೇಳೋಕೆ ಏನಾಗಿತ್ತು ದಾಡಿ? ಇಷ್ಟು ದನಿ ಇಟ್ಕೊಂಡಿದೀಯ, ಒಂದಾದ್ರೂ ನಿಂದಾ ಅದ್ರಲ್ಲಿ?”

ಗಿಳಿ ಉತ್ತರ ಹುಡುಕಿದ. ಸಿಕ್ಕಿದ್ದೆಲ್ಲ ಬೇರೆಯವರ ಗಂಟಲು.

ಸ್ಟುಡಿಯೋದ ಹೊತ್ತು ಬಿಟ್ಟರೆ ಮಾತು ನಿಲ್ಲಿಸಿದ. ಹಿತ್ತಿಲಿನ ಖಾಲಿ ಪೈಪನ್ನು ಅಗೆದು ಕಿತ್ತು ಹಾಕಿದ. ದೊಡ್ಡಮ್ಮ ಲಾನಿನ ಅರ್ಧವನ್ನು ತಾವೇ ಕೈಬಿಟ್ಟರು. ಆ ಜಾಗದಲ್ಲಿ ಕಡಿಮೆ ನೀರು ಕೇಳುವ ಗಿಡಗಳನ್ನು ಅವನು, ಒಂದೇ ಬಾಯಾರಿಕೆಯವು ಒಂದೆಡೆ ಬರುವಂತೆ, ನೆಟ್ಟ. ಗಿಡಗಳ ನಡುವೆ ಸುಡುಮಣ್ಣಿನ ಗಡಿಗೆಗಳನ್ನು ಕುತ್ತಿಗೆಯವರೆಗೆ ಹೂಳಿ ನೀರು ತುಂಬಿ ಮುಚ್ಚಿದ. ಗಡಿಗೆ ಬೆವರಿದಷ್ಟೇ ಗಿಡ ಕುಡಿಯುತ್ತಿತ್ತು. ದಿನ ಕಳೆದು ಮುಚ್ಚಳ ತೆಗೆದರೆ ನೀರು ಬೆರಳುದ್ದ ಇಳಿದಿರುತ್ತಿತ್ತು, ಗಿಡ ಬೆರಳುದ್ದ ಏರಿರುತ್ತಿತ್ತು. ಯಾರೂ ಸದ್ದು ಮಾಡದೆ, ಯಾರೂ ನೋಡದೆ ನಡೆಯುವ ಕೊಡುಕೊಳ್ಳುವಿಕೆ. ಮಂಡಿಯೂರಿ ಅದನ್ನು ನೋಡುತ್ತ ಕೂತಾಗ, ಅವಳು ಸುಮ್ಮನಿದ್ದದ್ದು ಏತಕ್ಕೆಂದು ಅವನಿಗೆ ಅರ್ಥವಾಗುತ್ತಿತ್ತು.

ಹೀಗೇ ಒಂದು ಬೆಳಿಗ್ಗೆ ಅವನು ಎದ್ದು, ಕೈಯ ಮಣ್ಣು ತೊಳೆದುಕೊಂಡು, ಕಿವಿ ಮೇಡಂ ಈಗ ಬರುತ್ತಾಳೆಂದು ಬೀದಿಯವರು ಹೇಳಿದ್ದ ಕೆಳಗಿನ ರಸ್ತೆಗೆ ನಡೆದ.

ಅವಳು ಮುಚ್ಚಿದ ಅಂಗಡಿಯೊಂದರ ಮುಂದೆ ಕೋಲು ಊರಿ ನಿಂತಿದ್ದಳು. ಅವನು ದೂರದಲ್ಲೇ ನಿಂತ. ಆಲಿಸುವುದು ಮುಗಿಯುವವರೆಗೂ ಕಾದ. ಅವಳು ಕಣ್ಣು ತೆರೆದಾಗ ಮಾತ್ರ ಕೆಮ್ಮಿದ.

“ಕ್ಷಮಿಸಿ ಅನ್ನೋಕೆ ಬಂದೆ.”

ಅವಳ ತಲೆ ತಟ್ಟನೆ ಅವನತ್ತ ತಿರುಗಿತು. “ಇದು ಯಾರ ದನಿ?”

ಅದು ತಗ್ಗಿನ, ಒರಟಾದ, ಅಲ್ಲಲ್ಲಿ ತಡೆಯುವ ದನಿ. ಅದರಲ್ಲಿ ಡಾಕ್ಟರೂ ಇರಲಿಲ್ಲ, ಕಪ್ಪೆಯೂ ಇರಲಿಲ್ಲ.

“ನಂದೇ. ಬಳಸಿ ಅಭ್ಯಾಸ ಇಲ್ಲ. ತುಕ್ಕು ಬರ್ತಿದೆ.”

ಅವಳು ನಗಲಿಲ್ಲ. ಆದರೆ ಹೋಗಲೂ ಇಲ್ಲ. ಗಿಳಿ ಗಂಟಲು ಸರಿಮಾಡಿಕೊಂಡ.

“ನೀವು ಶ್ ಅಂದ ದಿನ ನಾನು ಸುಮ್ಮನಾದೆ. ಸುಮ್ಮನಿದ್ರೆ ಇಷ್ಟು ಚೆನ್ನಾಗಿರುತ್ತೆ ಅಂತ ಗೊತ್ತಿರ್ಲಿಲ್ಲ. ನೀವು ಹೋಗ್ಬಿಡ್ತೀರಿ ಅಂತ ಹೆದರಿಕೆ ಆಯ್ತು. ಹೆದರಿದಾಗ ನಂಗೆ ಬರೋದು ಒಂದೇ, ಇನ್ನೊಂದರ ಸದ್ದು ಮಾಡೋದು. ಹೀಗೆ ನಿಮ್ಮ ಕಿವಿಗೆ…” ಮಾತು ಸಿಕ್ಕಿಕೊಂಡಿತು. “ನಿಮ್ಮನ್ನ ಕಂಡ್ರೆ ನಂಗೆ ತುಂಬಾ ಇಷ್ಟ. ನೀವು ಬೇಡ ಅಂದ್ರೂ ಸರಿ. ಇದನ್ನ ಒಂದ್ಸಲ ನನ್ನ ಬಾಯಲ್ಲೇ ಹೇಳ್ಬೇಕಿತ್ತು.”

ರಸ್ತೆಯ ಕೊನೆಯಲ್ಲಿ ಯಾವುದೋ ಮನೆಯ ದೀಪ ಹತ್ತಿತು. ಅವಳು ಕೋಲನ್ನು ಅಂಗಡಿಯ ಗೋಡೆಗೆ ಒರಗಿಸಿದಳು.

“ಎಷ್ಟೋ ದಿನದಿಂದ ಮುಚ್ಚಿದ್ದ ನಲ್ಲಿ ತಿರುಗಿಸಿದ್ರೆ ಮೊದಲು ಕೆಂಪಗೆ ತುಕ್ಕುನೀರು ಬರುತ್ತೆ,” ಅಂದಳು. “ಆಮೇಲೇ ತಿಳಿ.”

“ಹಾಗಾದ್ರೆ… ತಿಳಿ ಬರೋವರೆಗೆ ಸುಮ್ಮನೆ ಹರಿಯೋಕೆ ಬಿಡ್ಬೇಕಾ? ಪೋಲಲ್ವಾ?”

“ಪೋಲು ಯಾಕೆ? ಬಕೆಟ್ ಹಿಡಿದು ಗಿಡಕ್ಕೆ ಹಾಕ್ತಾರೆ.”

ಅವಳು ಅಂಗಡಿಯ ಮೆಟ್ಟಿಲ ಮೇಲೆ ಕೂತು, ಪಕ್ಕದ ಜಾಗವನ್ನು ಅಂಗೈಯಿಂದ ಒರೆಸಿದಳು. ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದಳು. ಆ ನಸುಗೆಂಪು ಉಂಗುರವನ್ನು ಈ ಸಲ ಮುಚ್ಚಿಕೊಳ್ಳಲಿಲ್ಲ.

“ಮಾತಾಡಿ,” ಅಂದಳು. “ನಾನು ಹಿಡ್ಕೋತೀನಿ.”